ಓರೆ ಬೆರಳಿನ ಮೇಣದ ಕೈ

"ಬೇಡ! ಅದ್ದಬೇಡಿ... ಸುಡ್ತದೆ!"

ಈ ಮಾತು ತನ್ನ ಬಾಯಿಂದಲೇ ಬಂತೆಂದು ಒಲಿಂಡಾಗೆ ನಂಬಲಾಗಲಿಲ್ಲ. ಪಾದ್ರಿಗಳು ಹೆಸರು ಕೇಳಿದರೂ ನೆಲ ನೋಡಿಕೊಂಡು ಉತ್ತರಿಸುವ ಹುಡುಗಿ ಅವಳು. ಅಂಥವಳು ಈಗ ಒಬ್ಬ ಅಪರಿಚಿತ ಗಂಡಸಿನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು!

ಹಿಡಿದ ಬೆರಳುಗಳಿಂದ ಮೊಣಕೈಯವರೆಗೆ ನೋವು ಚಳ್ಳನೆ ಹರಿಯಿತು. ಆದರೂ ಬಿಡಲಿಲ್ಲ.

ಬಿಳಿ ಕೋಟಿನ ಯುವಕ ಬೆಚ್ಚಿ ನಿಂತ. ಅವಳ ಎಡಗೈ ಅವನ ಕೈಯಲ್ಲಿತ್ತು. ಅದರ ಕೆಳಗೆ, ಎನಾಮೆಲ್ ತೊಟ್ಟಿಯಲ್ಲಿ ಕರಗಿದ ಮೇಣ ಹೊಳೆಯುತ್ತಿತ್ತು.

"ಸುಡುದಿಲ್ಲ ಬಾಯಿ, ಹೆದರಬೇಡಿ. ಮೊದಲ ದಿನ ಎಲ್ಲರಿಗೂ ಹೀಗೇ ಅನಿಸ್ತದೆ" ಎಂದ, ಕೊಂಕಣಿಯವರು ಹೆಂಗಸರನ್ನು 'ಬಾಯಿ' ಎಂದು ಕರೆಯುವಂತೆ.

"ಅನಿಸುದಲ್ಲ... ಅಂಚಿನಲ್ಲಿ ಇನ್ನೂ ಕೆನೆ ಕಟ್ಟಲಿಲ್ಲ, ಆರಲಿಲ್ಲ, ನೋಡಿ."

ಅವನು ಬಗ್ಗಿ ನೋಡಿದ. ನಂಬಿಕೆಯಾಗಲಿಲ್ಲವೇನೋ, ತನ್ನ ಕಿರುಬೆರಳನ್ನೇ ಮೇಣಕ್ಕೆ ಅದ್ದಿದ.

"ಅಯ್ಯೋ ಸಾಯ್ಬಾ, ದೇವರೇ!" ಎಂದು ಕೈ ಹಿಂದಕ್ಕೆಳೆದ.

ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದ ಆಯಾ ನಳಿನಾಕ್ಷಿ ಬಿದ್ದು ಬಿದ್ದು ನಕ್ಕಳು. "ಬೊಂಬಾಯಿಯಲ್ಲಿ ಮೂರು ವರ್ಷ ಕಲಿತದ್ದು ಇದನ್ನೇ ಅಂತ ಕಾಣ್ತದೆ ನಮ್ಮ ಪೊರ್ಬುಗಳು!" ಕ್ರೈಸ್ತ ಗಂಡಸರನ್ನು ಅವಳು 'ಪೊರ್ಬು' ಎಂದೇ ಕರೆಯುವುದು.

ಅವನೂ ಬೆರಳು ಕೊಡವುತ್ತಾ ನಕ್ಕ. "ಉಷ್ಣಮಾಪಕ ನಿನ್ನೆ ಒಡೆದು ಹೋಯಿತು. ಅಂದಾಜಿನ ಮೇಲೆ ಕಾಯಿಸಿದೆ... ನಿಮಗೆ ಹೇಗೆ ಗೊತ್ತು?"

ಒಲಿಂಡಾಗೆ ಆಗ ಎಚ್ಚರವಾಯಿತು. ಥಟ್ಟನೆ ಅವನ ಮಣಿಕಟ್ಟು ಬಿಟ್ಟಳು. ಕಿವಿಯವರೆಗೆ ಕೆಂಪಾದಳು.

"ಮೇಣ... ನಮ್ಮ ಮನೆ ಕೆಲಸ" ಎಂದಳು, ನೆಲ ನೋಡಿಕೊಂಡು.

ಅದು ಸಾವಿರದ ಒಂಬೈನೂರ ಅರವತ್ತಮೂರರ ಜೂನ್ ತಿಂಗಳು. ಊರಿನ ದೊಡ್ಡ ಆಸ್ಪತ್ರೆಯೊಂದರ ಹಿಂಬದಿಯಲ್ಲಿ ಆ ಹೊಸ ಕೋಣೆ ತೆರೆದು ಮೂರು ತಿಂಗಳಾಗಿತ್ತಷ್ಟೆ. ಬಾಗಿಲ ಮೇಲೆ 'ಫಿಸಿಯೋಥೆರಪಿ' ಎಂದು ಬರೆದಿತ್ತು. ಆದರೆ ಆ ಶಬ್ದ ಮಂಗಳೂರಿನಲ್ಲಿ ಯಾರ ನಾಲಿಗೆಗೂ ಹೊಂದಲಿಲ್ಲ. ಜನ ಅದನ್ನು 'ಮೇಣದ ಕೋಣೆ' ಎನ್ನುತ್ತಿದ್ದರು. ಅದರ ಒಡೆಯ, ಒಬ್ಬನೇ ಒಬ್ಬ, ಆ ಬಿಳಿ ಕೋಟಿನ ಜೆರೋಮ್. ಮಣ್ಣಗುಡ್ಡದವನು, ವಯಸ್ಸು ಇಪ್ಪತ್ತೊಂಬತ್ತು. ಯಾರಾದರೂ ದಾಕ್ತೆರ್ ಎಂದು ಕರೆದರೆ, "ದಾಕ್ತೆರ್ ಅಲ್ಲ, ಕೈಕಾಲು ಮಡಚಿಸುವವನು" ಎನ್ನುತ್ತಿದ್ದ.

ಒಲಿಂಡಾಗೆ ಇಪ್ಪತ್ತಮೂರು. ಬಿಜೈಯ ಚರ್ಚು, ಅವರ ಬಾಯಲ್ಲಿ ಇಗರ್ಜಿ, ಅದರ ಹಿಂದಿನ ಓಣಿಯಲ್ಲಿ ಅವಳ ಮನೆ. ಅಪ್ಪ ಇದ್ದಾಗಿನಿಂದ ಅವರದು ಮೇಣದಬತ್ತಿಯ ಕಸುಬು. ಬತ್ತಿ ಮಾತ್ರವಲ್ಲ, ಹರಕೆಯ ಅಂಗಗಳೂ! ಕಾಲು ಮುರಿದವರು ಮೇಣದ ಕಾಲು, ಕಣ್ಣು ನೋವಿನವರು ಮೇಣದ ಕಣ್ಣು, ಮಕ್ಕಳಿಲ್ಲದವರು ಮೇಣದ ಶಿಶು ಕೊಂಡು ಮಾತೆಯ ಪೀಠದ ಮುಂದೆ ಇಡುತ್ತಿದ್ದರು. ಅಪ್ಪ ಕೆತ್ತಿದ ಮರದ ಅಚ್ಚುಗಳಲ್ಲಿ ಒಲಿಂಡಾ ಎಷ್ಟೋ ಜನರ ನೋವಿಗೆ ಕೈಕಾಲು ಎರೆದು ಕೊಟ್ಟಿದ್ದಳು.

ಈಗ ಅವಳ ಕೈಯೇ ಸೋತಿತ್ತು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬೆರಳು ಮಡಚಲಾಗಲಿಲ್ಲ. ಆಮೇಲೆ ಗೆಣ್ಣುಗಳು ಊದಿದವು. ಬೆರಳುಗಳು ನಿಧಾನಕ್ಕೆ ಕಿರುಬೆರಳಿನ ಕಡೆ ವಾಲತೊಡಗಿದವು. ಬಲಗೈ ಕಿರುಬೆರಳಂತೂ ನಡುವೆ ಕೊಕ್ಕೆಯಂತೆ ಬಾಗಿತು. ಈಗ ಬೆಳಿಗ್ಗೆ ಅಮ್ಮನೇ ಅವಳ ಕೂದಲು ಬಾಚಬೇಕು, ರವಿಕೆಯ ಗುಂಡಿ ಹಾಕಬೇಕು. ಸಂಜೆ ಪ್ರಾರ್ಥನೆಗೆ ಕೂತರೆ ಜಪಮಾಲೆಯ ಮಣಿ ಬೆರಳಿನಿಂದ ಜಾರುತ್ತಿತ್ತು.

'ದೇವರೇ, ನಿನ್ನ ಮಣಿ ಹಿಡಿಯಲೂ ಬಿಡುವುದಿಲ್ಲವಾ?'

ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ಅವಳು ಮೇಣದ ಕೋಣೆಗೆ ಹೋಗತೊಡಗಿದಳು. ಹೊಸ ಉಷ್ಣಮಾಪಕ ಬಂದಿತ್ತು. ಆದರೂ ಜೆರೋಮ್ ಅದನ್ನು ಬದಿಗಿಟ್ಟು ಕೇಳುತ್ತಿದ್ದ.

"ನೋಡಿ ಹೇಳಿ. ಹದ ಆಯಿತಾ?"

ಅವಳು ತೊಟ್ಟಿಯ ಅಂಚು ನೋಡುವಳು. "ಇನ್ನೂ ಸ್ವಲ್ಪ..." ಎನ್ನುವಳು. ಇಡೀ ವಾರದಲ್ಲಿ ಅವಳ ಮಾತಿಗೆ ಬೇರೆಯವರು ಕಾಯುವುದು ಅದೊಂದೇ ಗಳಿಗೆ!

ಮೇಣ ಹದಕ್ಕೆ ಬಂದ ಮೇಲೆ ಎಂಟು ಸಲ ಕೈ ಅದ್ದಿ ತೆಗೆಯುವುದು. ಬಿಳಿಯ ಕೈಗವಸಿನಂತೆ ಮೇಣ ಕಟ್ಟಿಕೊಳ್ಳುವುದು. ಅದರ ಮೇಲೆ ಟವೆಲು ಸುತ್ತಿ ಇಪ್ಪತ್ತು ನಿಮಿಷ ಕೂರಿಸುವುದು. ಆ ಇಪ್ಪತ್ತು ನಿಮಿಷ ನೋವು ದೂರದ ಕೋಣೆಯಲ್ಲಿ ಅಳುವ ಮಗುವಿನಂತೆ ಸಣ್ಣದಾಗುತ್ತಿತ್ತು. ನಿಲ್ಲುತ್ತಿರಲಿಲ್ಲ.

ಆಮೇಲೆ ಮೇಣ ಸುಲಿದು, ಜೆರೋಮ್ ಒಂದೊಂದೇ ಬೆರಳು ಹಿಡಿದು ಮೆಲ್ಲ ಮಡಚುತ್ತಿದ್ದ. ಅದೇ ಕಷ್ಟದ ಹೊತ್ತು.

"ಇಲ್ಲಿ ಒಂದೇ ಕಾನೂನು" ಎಂದು ಅವನು ಮೊದಲ ದಿನವೇ ಹೇಳಿದ್ದ. "ತಡೆಯಲಿಕ್ಕೆ ಆಗದಿದ್ದರೆ ನೀವು 'ಬಿಡಿ' ಅನ್ನಬೇಕು. ಅಂದ ಕೂಡಲೇ ನಾನು ಬಿಡ್ತೇನೆ. ನಾಚಿಕೆ ಮಾಡಬಾರದು."

"ನೋವುಂಟಾ?"

"ಉಂಟು."

"ಬಿಡಲಾ?"

"...ಬಿಡಿ."

ಅವನು ತಕ್ಷಣ ಬಿಡುತ್ತಿದ್ದ. ಒಂದು ದಿನವೂ ಮಾತು ತಪ್ಪಲಿಲ್ಲ.

ಜುಲೈಯ ಒಂದು ಶುಕ್ರವಾರ ಅವಳು ಧೈರ್ಯ ಮಾಡಿ ಕೇಳಿದಳು.

"ಇದು ಯಾವಾಗ ಗುಣ ಆಗ್ತದೆ?"

ಅಮ್ಮ ಹೇಳುತ್ತಿದ್ದದ್ದು, ಕ್ರಿಸ್ಮಸಿಗೆ. ನೆರೆಯವರು ಹೇಳುತ್ತಿದ್ದದ್ದು, ಒಂದು ಮದುವೆಯಾದರೆ ಎಲ್ಲ ಸರಿಹೋಗುತ್ತದೆ. ಆಸ್ಪಿರಿನ್ ಬರೆದುಕೊಟ್ಟ ದೊಡ್ಡ ಡಾಕ್ಟರು 'ನೋಡುವಾ' ಎಂದಿದ್ದರು.

ಜೆರೋಮ್ ಅವಳ ಬೆರಳನ್ನು ಕೆಳಗಿಟ್ಟ. ಕುರ್ಚಿ ಎಳೆದು ಎದುರು ಕೂತ.

"ಗುಣ ಆಗುದಿಲ್ಲ ಬಾಯಿ."

ಅವಳು ತಲೆಯೆತ್ತಿ ಅವನನ್ನು ನೋಡಿದಳು.

"ಇದು ಹೋಗುವ ಜಾತಿಯ ಸಂಧಿವಾತ ಅಲ್ಲ. ಬೆರಳು ಪೂರ್ತಿ ಹಟ ಹಿಡಿಯದ ಹಾಗೆ ನೋಡಿಕೊಳ್ಳುವುದು, ನೋವನ್ನು ಸ್ವಲ್ಪ ಪಳಗಿಸುವುದು... ಅಷ್ಟೇ ನನ್ನ ಕೈಯಲ್ಲಿ ಉಂಟು. ಕೆಲವು ತಿಂಗಳು ಹಗುರ ಆಗಬಹುದು. ಮತ್ತೆ ಬರ್ತದೆ. ವರ್ಷ ಹೋದ ಹಾಗೆ ಹೆಚ್ಚಾಗಲೂಬಹುದು."

ಒಲಿಂಡಾ ಅಳಲಿಲ್ಲ. ಅವಳಿಗೇ ಆಶ್ಚರ್ಯವಾಯಿತು. ಎದೆಯೊಳಗೆ ಏನೋ ಕುಸಿಯಿತು, ನಿಜ. ಆದರೆ ಎರಡು ವರ್ಷದಲ್ಲಿ ಮೊದಲ ಬಾರಿ ಒಬ್ಬರು ಅವಳಿಗೆ ಸುಳ್ಳು ಹೇಳಿರಲಿಲ್ಲ!

ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಆ ಮುಖ ಕಣ್ಣೆದುರಿತ್ತು. ಕೆಟ್ಟ ಸುದ್ದಿ ಹೇಳುವಾಗ ಅವನ ಕಣ್ಣು ಅತ್ತಿತ್ತ ಓಡಲಿಲ್ಲ. ಅವಳನ್ನೇ ನೋಡುತ್ತಿತ್ತು.

'ಇಂಥ ಮನುಷ್ಯ ಒಬ್ಬ ಮನೆಯಲ್ಲಿ ಇದ್ದರೆ...'

ಮುಂದೆ ಯೋಚಿಸಲು ಹೆದರಿ ಶಿಲುಬೆಯ ಗುರುತು ಹಾಕಿಕೊಂಡಳು.

ಮದುವೆಯ ಕನಸು ಕಾಣುವ ಹಕ್ಕು ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೋದ ವರ್ಷ ಪೌಲ್ ಎಂಬವನ ಮನೆಯವರು ನೋಡಲು ಬಂದಿದ್ದರು. ಚಹಾದ ತಟ್ಟೆ ಹಿಡಿದು ಬರುವಾಗ ಬೆರಳು ಸೋತು, ಕಪ್ಪುಗಳು ಹುಡುಗನ ತಾಯಿಯ ಕಾಲ ಬಳಿಯೇ ಚೂರಾದವು. ಆಕೆ ಅವಳ ಕೈಯನ್ನು ಎತ್ತಿ, ತಿರುಗಿಸಿ, ಮೀನಿನ ಕಿವಿರು ನೋಡಿದಂತೆ ನೋಡಿದ್ದಳು. "ಒಳ್ಳೆ ಹುಡುಗಿ. ಆದರೆ ಮನೆಗೆ ಬೇಕಾದದ್ದು ಕೈ ಅಲ್ವಾ ಆನಿಬಾಯಿ?" ಎಂದು ಅಮ್ಮನಿಗೆ ಹೇಳಿ ಎದ್ದು ಹೋಗಿದ್ದಳು.

ಆಗಸ್ಟ್ ಬಂತು. ಸೆಪ್ಟೆಂಬರ್ ಎಂಟಕ್ಕೆ ಮೊಂತಿ ಫೆಸ್ತ್, ಮಾತೆ ಮರಿಯಳ ಹುಟ್ಟಿನ ಹಬ್ಬ. ಒಂಬತ್ತು ದಿನ ಮೊದಲೇ ಮಕ್ಕಳು ಹೂವಿನ ಬುಟ್ಟಿ ಹಿಡಿದು ಇಗರ್ಜಿಗೆ ಬರುವ ಕಾಲ, ಹರಕೆಯವರು ಬರುವ ಕಾಲ. ಒಲಿಂಡಾಳ ಮನೆಯಲ್ಲಿ ಬೆಳಿಗ್ಗೆಯಿಂದ ಮೇಣ ಕರಗುತ್ತಿತ್ತು.

ಅಪ್ಪ ಹಾಕಿಟ್ಟ ಒಂದು ನಿಯಮ ಆ ಮನೆಯಲ್ಲಿತ್ತು, ಹರಕೆಯವರಿಗೆಲ್ಲ ಗೊತ್ತಿದ್ದ ನಿಯಮ. ಹರಕೆಯ ಅಂಗ ಕೊಳ್ಳುವವರು ಅದು ಯಾರಿಗೆಂದು ಹೇಳಬಾರದು. ಮಾಡುವವರು ಕೇಳಬಾರದು. ಪೀಠದ ಮುಂದೆ ಇಡುವ ತನಕ ಅದು ದೇವರಿಗೂ ಅವರಿಗೂ ನಡುವಿನ ಮಾತು. ಗಂಡಸಿನದೋ ಹೆಂಗಸಿನದೋ, ಎಡವೋ ಬಲವೋ... ಅಷ್ಟೇ ಕೇಳಬೇಕು.

ಒಂದು ಬುಧವಾರ ಅವಳು ಒಳಗೆ ಬತ್ತಿ ಕತ್ತರಿಸುತ್ತಿದ್ದಾಗ ಹೊರಗಿನ ಕಿಟಕಿಯಲ್ಲಿ ಪರಿಚಿತ ದನಿ ಕೇಳಿತು. ಕತ್ತರಿ ಅಲ್ಲೇ ಬಿಟ್ಟು ಎದ್ದಳು.

"ಒಂದು ಕೈ ಬೇಕಿತ್ತು ಬಾಯಿ."

"ಗಂಡಸಿನದಾ, ಹೆಂಗಸಿನದಾ?" ಅಮ್ಮ ಕೇಳಿದಳು. ಅವಳಿಗೆ ಅವನ ಪರಿಚಯವಿರಲಿಲ್ಲ.

"ಹೆಂಗಸಿನದು." ಆಮೇಲೆ, "ಸಣ್ಣ ಪ್ರಾಯದ ಹೆಂಗಸಿನದು. ಬಲಗೈ" ಎಂದ.

ಒಲಿಂಡಾ ಬಾಗಿಲ ಪರದೆಯ ಹಿಂದೆ ನಿಂತಳು. ಜೆರೋಮ್! ಟೋಪಿ ಕೈಯಲ್ಲಿ ಹಿಡಿದು, ಶಾಲೆಗೆ ತಡವಾಗಿ ಬಂದವನಂತೆ ನಿಂತಿದ್ದ.

'ಯಾರ ಕೈ?'

ಉತ್ತರ ಬೇಗ ಹೊಳೆಯಿತು. ಎಸ್ತೆರ್! ಕಾನ್ವೆಂಟಿನ ಟೀಚರ್. ಮೆಟ್ಟಿಲಿನಿಂದ ಬಿದ್ದು ಬಲ ಮಣಿಕಟ್ಟು ಮುರಿದು, ಅದೇ ಮೇಣದ ಕೋಣೆಗೆ ಬರುತ್ತಿದ್ದಳು. ಜೆರೋಮನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ನಗುತ್ತಿದ್ದಳು. ಒಲಿಂಡಾ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವರ ನಗೆ ಏತಕ್ಕೆಂದು ಅವಳಿಗೆ ಎಂದೂ ತಿಳಿದಿರಲಿಲ್ಲ.

ಆದರೆ ಅವಳನ್ನು ಸುಟ್ಟದ್ದು ಆ ನಗೆಯಲ್ಲ.

'ನನ್ನ ಕೈಗೆ ಗುಣ ಇಲ್ಲ ಎಂದು ನನ್ನ ಮುಖಕ್ಕೇ ಹೇಳಿದವನು... ಇನ್ನೊಬ್ಬಳ ಕೈಗೆ ಹರಕೆ ಹೊತ್ತಿದ್ದಾನೆ! ಅವನಿಗೂ ಆಸೆ ಎಂಬುದು ಉಂಟು. ನನ್ನ ಮೇಲೆ ಇಲ್ಲ, ಅಷ್ಟೇ.'

"ಅಮ್ಮಾ, ಆ ಕೈಯನ್ನು ನಾನು ಮಾಡ್ತೇನೆ" ಎಂದಳು ಅವನು ಹೋದ ಮೇಲೆ.

"ನಿನಗೆ ಮರುಳಾ ಒಲಿ? ಅಚ್ಚಿನ ತಿರುಪು ತಿರುಗಿಸಲಿಕ್ಕೆ ಆಗ್ತದಾ ನಿನ್ನಿಂದ?"

"ಮಾಡ್ತೇನೆ."

ಮೂರು ಮಧ್ಯಾಹ್ನ ಹಿಡಿಯಿತು. ತಿರುಪು ಬಿಗಿಯುವಾಗ ಕಣ್ಣು ಕತ್ತಲೆ ಬಂತು. ಹಲ್ಲು ಕಚ್ಚಿ ಮೇಣ ಎರೆದಳು. ಅಚ್ಚು ಬಿಡಿಸಿ, ಸಂದಿನ ಗೆರೆಯನ್ನು ಕತ್ತಿಯಿಂದ ಹೆರೆದು, ಎಣ್ಣೆ ಬಟ್ಟೆಯಿಂದ ಉಜ್ಜಿ ಉಜ್ಜಿ ನುಣುಪು ಮಾಡಿದಳು. ಅಪ್ಪ ಇದ್ದಾಗಲೂ ಅಷ್ಟು ಚಂದದ ಕೈ ಆ ಮನೆಯಿಂದ ಹೊರಟಿರಲಿಲ್ಲ. ಐದೂ ಬೆರಳು ನೆಟ್ಟಗೆ, ಉದ್ದಕ್ಕೆ, ಉಗುರಿನ ಗೆರೆಯೂ ಕಾಣುವಂತೆ...

ಅದರ ಪಕ್ಕದಲ್ಲಿ ತನ್ನ ಕೈ ಇಟ್ಟು ನೋಡಿದಳು. ಬೇಗ ಸೆರಗಿನೊಳಗೆ ಎಳೆದುಕೊಂಡಳು.

ಸೋಮವಾರ ಅವನು ಬಂದು ಕೈಯನ್ನು ಒಯ್ದ. ಅವಳು ಒಳಗೇ ಕೂತಿದ್ದಳು.

ಮರುದಿನ ಮೇಣದ ಕೋಣೆಗೆ ಹೋದಾಗ ಎಸ್ತೆರ್ ಹೊರಡುತ್ತಿದ್ದಳು. ಜೆರೋಮ್ ಅವಳಿಗೆ ಹೇಳುತ್ತಿದ್ದದ್ದು ಬಾಗಿಲಿಗೇ ಕೇಳಿಸಿತು.

"ಫೆಸ್ತಿನ ಮೊದಲು ನಿಮ್ಮ ಕೈ ಪೂರ್ತಿ ಸರಿಯಾಗ್ತದೆ. ಬರೆದು ಕೊಡ್ಲಾ?"

ಒಲಿಂಡಾಳ ಒಳಗೆ ಉಳಿದಿದ್ದ ಒಂದು ಸಣ್ಣ ಬತ್ತಿಯೂ ನಂದಿತು.

ಅವನು ಅವಳ ಕೈ ನೋಡಿ ಹುಬ್ಬು ಗಂಟಿಕ್ಕಿದ. "ಎಂತ ಇದು? ಇಷ್ಟು ಊದಿದೆ! ಊದಿದಾಗ ಭಾರದ ಕೆಲಸ ಮಾಡಬಾರದು ಅಂತ ನೂರು ಸಲ ಹೇಳಲಿಲ್ವಾ? ಎಂತ ಮಾಡಿದ್ದು?"

"ಎಂತದೂ ಇಲ್ಲ."

"ಹೇಳಿದ್ದು ಕೇಳದಿದ್ದರೆ ನಾನು ಎಂತ ಮಾಡ್ಲಿ ಮಾರಾಯ್ತಿ!"

ಬೈಗುಳದೊಳಗಿನ ಗಾಬರಿ ಅವಳಿಗೆ ಕೇಳಿಸಲಿಲ್ಲ. ಅವನು ಅವಳ ಕಿರುಬೆರಳನ್ನು ಎರಡು ಬೆರಳುಗಳ ನಡುವೆ ಹಿಡಿದ.

"ಬಿಡಿ" ಎಂದಳು.

"ಇನ್ನೂ ಶುರುವೇ ಮಾಡಲಿಲ್ಲ..."

"ಬಿಡಿ ಅಂದರೆ ಬಿಡ್ತೇನೆ ಅಂದಿದ್ದೀರಿ."

ಅವನು ಬಿಟ್ಟ.

"ಕೈಯಲ್ಲಿ ಗುಣ ಆಗುವ ಕೈ, ಆಗದ ಕೈ ಅಂತ ಎರಡುಂಟು ಅಲ್ವಾ?" ಎಂದಳು.

"ಉಂಟು."

"ನನ್ನದು ಯಾವುದು?"

ಜೆರೋಮ್ ಅವಳನ್ನೇ ನೋಡಿದ. ಈಗ ಒಂದೇ ಒಂದು ಸುಳ್ಳು ಹೇಳಿದ್ದರೆ ಅವಳು ನಿಲ್ಲುತ್ತಿದ್ದಳೇನೋ...

"ನಿಮಗೆ ಗೊತ್ತುಂಟು ಒಲಿಂಡಾ."

ಅವಳು ಎದ್ದಳು. "ಮತ್ತೆ ಯಾಕೆ ಬರಬೇಕು? ಇನ್ನು ಬರುದಿಲ್ಲ."

ಅವನು ಬಾಗಿಲಿನವರೆಗೆ ಬಂದ. ಏನೋ ಹೇಳಲು ಬಾಯಿ ತೆರೆದ. ಹೇಳಲಿಲ್ಲ. ಹರಕೆ ಇಡುವ ಮೊದಲು ಹೇಳಬಾರದಲ್ಲ! ಅವನು ಮಾತು ನುಂಗಿದ್ದು ಅದಕ್ಕೇ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಮುಂದಿನ ದಿನಗಳನ್ನು ನೆನೆದರೆ ಒಲಿಂಡಾಗೆ ಬೆಳಗುಗಳು ಮಾತ್ರ ನೆನಪಾಗುತ್ತವೆ. ಎಚ್ಚರವಾದರೂ ಏಳಲಾಗದ ಬೆಳಗುಗಳು. ಬೆರಳುಗಳು ರಾತ್ರಿಯಿಡೀ ಹೆಪ್ಪುಗಟ್ಟಿ, ಯಾರದೋ ಕೈ ತಂದು ತನಗೆ ಜೋಡಿಸಿದಂತೆ ಅನಿಸುತ್ತಿತ್ತು. ಅಮ್ಮ ಗಂಜಿ ಕುಡಿಸುವಾಗ ಅವಳು ಗೋಡೆ ನೋಡುತ್ತಿದ್ದಳು.

"ಹೋಗಿ ಬಾ ಪುತಾ. ಮೇಣ ಹಾಕಿದರೆ ಸ್ವಲ್ಪವಾದರೂ ಹಗುರ ಆಗ್ತಿತ್ತಲ್ಲ."

"ಹಗುರ ಆದರೆ ಎಂತ, ಭಾರ ಆದರೆ ಎಂತ ಅಮ್ಮಾ?"

ಆನಿಬಾಯಿ ಅಡುಗೆಮನೆಗೆ ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೊಂತಿ ಫೆಸ್ತಿಗೆ ಮೂರು ದಿನವಿತ್ತು. ಮಧ್ಯಾಹ್ನ ಓಣಿಯ ತುದಿಯಿಂದಲೇ ಒಂದು ದೊಡ್ಡ ದನಿ ಬಂತು.

"ಬಾಯಮ್ಮಾ! ಇದ್ದೀರಾ, ಕನ್ಯಾಸ್ತ್ರೀ ಆದಿರಾ?"

ನಳಿನಾಕ್ಷಿ! ಕೊಡೆ ಕೊಡವಿ ಜಗಲಿಯಲ್ಲೇ ಕುಕ್ಕರಿಸಿದಳು.

"ಎಂತ ಬರುದಿಲ್ಲ ನೀವು? ಅಲ್ಲಿ ಮೇಣ ನೋಡುವವರು ಇಲ್ಲ. ನಿಮ್ಮ ಪೊರ್ಬು ಎರಡು ಸಲ ಕೈ ಸುಟ್ಟುಕೊಂಡರು. ಉಷ್ಣಮಾಪಕ ಇದ್ದೂ! ಬಾಗಿಲು ನೋಡುತ್ತಾ ಮೇಣಕ್ಕೆ ಕೈ ಹಾಕಿದರೆ ಇನ್ನೆಂತ ಆಗ್ತದೆ?"

"ಎಸ್ತೆರ್ ಟೀಚರ್ ಇದ್ದಾರಲ್ಲ, ನೋಡಿ ಹೇಳಲಿಕ್ಕೆ..."

"ಅವರಾ? ಅವರ ಕೈ ಸರಿಯಾಯಿತು. ಬರುವ ತಿಂಗಳು ಮದುವೆ ಅಂತೆ, ಕುಂದಾಪುರದ ಹುಡುಗನ ಜೊತೆ. ಲಾಡು ಕೊಟ್ಟು ಹೋದರು." ನಳಿನಾಕ್ಷಿ ಸ್ವರ ತಗ್ಗಿಸಿದಳು. "ಅದಲ್ಲ ನಾನು ಹೇಳಲಿಕ್ಕೆ ಬಂದದ್ದು. ಪೊರ್ಬುಗಳಿಗೆ ತಲೆ ಸರಿ ಇಲ್ಲ ಅಂತ ಕಾಣ್ತದೆ."

"ಯಾಕೆ?"

"ಮೇಜಿನ ಒಳಗೆ ಒಂದು ಮೇಣದ ಕೈ ಇಟ್ಟಿದ್ದಾರೆ. ಎಷ್ಟು ಚಂದದ ಕೈ ಗೊತ್ತುಂಟಾ! ರೋಗಿಗಳೆಲ್ಲ ಹೋದ ಮೇಲೆ ಅದನ್ನು ಬಿಸಿನೀರಿನಲ್ಲಿ ಅದ್ದುವುದು, ಬೆರಳು ಬಗ್ಗಿಸುವುದು. ಮತ್ತೆ ಅದ್ದುವುದು, ಮತ್ತೆ ಬಗ್ಗಿಸುವುದು. ನೆಟ್ಟಗಿದ್ದ ಬೆರಳನ್ನೆಲ್ಲ ಓರೆ ಮಾಡಿ ಹಾಳು ಮಾಡಿದರು! ಗೆಣ್ಣಿಗೆ ಬೇರೆ ಮೇಣ ಅಂಟಿಸಿ ಉಬ್ಬಿಸಿದ್ದಾರೆ. ಇದು ಎಂತ ಹುಚ್ಚು ಅಂತ ಕೇಳಿದರೆ, 'ಇನ್ನೂ ಸರಿ ಬರಲಿಲ್ಲ ನಳಿನಾಕ್ಷಿ' ಅಂತಾರೆ."

ಒಲಿಂಡಾ ಅವಳ ಕಡೆ ಬಾಗಿದಳು.

"ಓರೆ... ಯಾವ ಕಡೆಗೆ?"

"ಈ ಕಡೆಗೆ, ಕಿರುಬೆರಳಿನ ಕಡೆಗೆ. ಆ ಕಿರುಬೆರಳಂತೂ ನಡುವಲ್ಲಿ ಕೊಕ್ಕೆ ಹಾಗೆ..."

ನಳಿನಾಕ್ಷಿಯ ಮಾತು ಅಲ್ಲಿಗೇ ನಿಂತಿತು. ಅವಳ ಕಣ್ಣು ಒಲಿಂಡಾಳ ಮಡಿಲಲ್ಲಿದ್ದ ಬಲಗೈಯ ಮೇಲೆ ಬಿದ್ದಿತ್ತು.

"ಅಯ್ಯೋ ದೇವರೇ" ಎಂದಳು ಮೆಲ್ಲಗೆ. ಆಮೇಲೆ ಕೊಡೆ ಎತ್ತಿಕೊಂಡು ಹೊರಟಳು.

ಒಲಿಂಡಾ ತನ್ನ ಕೈಯನ್ನೇ ನೋಡುತ್ತಾ ಕೂತಳು. ಎರಡು ವರ್ಷದಿಂದ ಅವಳು ನೋಡಲು ಹೇಸಿದ ಕೈ. ಒಬ್ಬ ಮನುಷ್ಯ ಅದರ ಒಂದೊಂದು ಗೆಣ್ಣನ್ನು ಬಾಯಿಪಾಠ ಮಾಡಿಕೊಂಡಿದ್ದ!

ಅವಳು ಅಳತೊಡಗಿದಳು. ಕಣ್ಣೊರೆಸಲು ಬೆರಳು ಬಗ್ಗದೆ ಮೊಣಕೈಯಿಂದ ಒರೆಸಿಕೊಂಡಳು.

ಆದರೆ ಆ ಅಳುವಿನಲ್ಲಿ ಸಂತೋಷಕ್ಕಿಂತ ಭಯವೇ ಹೆಚ್ಚಿತ್ತು. 'ಗುಣ ಆಗಲಿ ಎಂದು ಹರಕೆ ಹೊತ್ತಿರಬೇಕು. ಅವನಿಗೇ ಗೊತ್ತುಂಟು, ಆಗುವುದಿಲ್ಲ. ಆಗದಿದ್ದ ಮೇಲೆ? ಒಂದು ದಿನ ಈ ಕೈ ನೋಡಿ ಅವನಿಗೂ ದಣಿವಾದರೆ?'

ಮೊಂತಿ ಫೆಸ್ತಿನ ಬೆಳಿಗ್ಗೆ ಪೂಜೆ ಮುಗಿಯಿತು. ಪಾದ್ರಿಗಳು ಮಂತ್ರಿಸಿದ ಹೊಸ ಭತ್ತದ ತೆನೆಯನ್ನು ಮನೆಗೊಂದರಂತೆ ಹಂಚಿದರು. ಒಲಿಂಡಾ ತನ್ನ ಮನೆಯ ತೆನೆಯನ್ನು ಎರಡು ಅಂಗೈಗಳ ನಡುವೆ, ಕೈ ಮುಗಿದಂತೆ, ಒತ್ತಿ ಹಿಡಿದಳು. ಬೆರಳಿನಿಂದ ಹಿಡಿಯಲು ಆಗುತ್ತಿರಲಿಲ್ಲ. ಅಮ್ಮ ನೆರೆಯವರೊಡನೆ ಮುಂದೆ ಹೋದಳು. ಜನ ಚದುರಿದರು.

ಮಾತೆಯ ಪೀಠದ ಬದಿಯಲ್ಲಿ ಹರಕೆಯ ಮೇಜು. ಕಾಲು, ಕಣ್ಣು, ಶಿಶು, ಪುಟ್ಟ ಮನೆ... ಹೆಚ್ಚಿನವೆಲ್ಲ ಅವಳ ಮನೆಯವೇ. ಅವುಗಳ ನಡುವೆ ಒಂದು ಕೈ ಇತ್ತು. ಓರೆಯಾಗಿ, ಗೆಣ್ಣು ಉಬ್ಬಿ, ಕಿರುಬೆರಳು ಕೊಕ್ಕೆಯಾಗಿ.

ಎಲ್ಲ ಅಂಗಗಳೂ ನೆಟ್ಟಗಿದ್ದವು. ಅದೊಂದೇ ನಿಜವಾಗಿತ್ತು.

"ಕಿರುಬೆರಳು ಸರಿ ಬಂತಾ?"

ಹಿಂದೆ ಜೆರೋಮ್ ನಿಂತಿದ್ದ. ಕೈಗೆ ಸುಟ್ಟ ಗಾಯದ ಪಟ್ಟಿ.

"ಇನ್ನೂ ಸ್ವಲ್ಪ ಬಾಗಬೇಕು" ಎಂದಳು. ಮೇಣದ ಹದ ಹೇಳುತ್ತಿದ್ದ ಅದೇ ದನಿಯಲ್ಲಿ.

ಅವನು ಬಂದು ಅವಳ ಪಕ್ಕ ನಿಂತ.

"ಪೀಠದ ಮುಂದೆ ಇಟ್ಟಾಯಿತು. ಈಗ ಹೇಳಬಹುದು ಅಲ್ವಾ?" ಎಂದ. "ಇದನ್ನು ನೀವೇ ಮಾಡಿದ್ದು ಅಂತ ನಿನ್ನೆ ಇಗರ್ಜಿಯಲ್ಲಿ ಸಿಕ್ಕಿದಾಗ ನಿಮ್ಮ ಅಮ್ಮ ಹೇಳಿದರು. ನನಗೆ ಗೊತ್ತಿರಲಿಲ್ಲ ಒಲಿಂಡಾ. ಗೊತ್ತಿದ್ದರೆ ಕೇಳುತ್ತಲೇ ಇರಲಿಲ್ಲ. ಆ ದಿನ ಕೈ ಊದಿದ್ದು ಇದರಿಂದಲೇ... ಅದಕ್ಕೆ ನಾನು ಬೇರೆ ಬೈದೆ."

"ಬೇರೆ ಯಾರದೋ ಕೈ ಅಂತ ಮಾಡಿದೆ."

"ಯಾರದು?"

"ಎಸ್ತೆರ್ ಟೀಚರ್‌ದು." ಆ ದಿನ ಅವಳು ಎದ್ದು ಹೋದದ್ದು ಯಾಕೆಂದು ಅವನಿಗೆ ಈಗ ಅರ್ಥವಾಯಿತು. ಮುಖ ಬಾಡಿತು.

"ಗುಣ ಆಗುದಿಲ್ಲ ಅಂತ ನೀವೇ ಹೇಳಿದ್ದು" ಎಂದಳು. "ಮತ್ತೆ ದೇವರ ಹತ್ತಿರ ಯಾಕೆ ಕೇಳಿದಿರಿ? ಆಗದ್ದನ್ನು ಕೇಳಿ... ನಾಳೆ ನಿಮಗೇ ಬೇಸರ ಬರುದಿಲ್ವಾ?"

"ಗುಣ ಆಗಲಿ ಅಂತ ಕೇಳಲೇ ಇಲ್ಲ ನಾನು."

ಅವಳು ತಲೆಯೆತ್ತಿದಳು.

"ಗುಣ ಆಗಲಿ ಅಂತ ಕೇಳುವುದಾದರೆ ನೆಟ್ಟಗಿನ ಕೈಯೇ ಇಡುತ್ತಿದ್ದೆ. ಇದನ್ನು ಇಟ್ಟು, 'ಈ ಕೈ ಹೀಗೇ ಇದ್ದರೂ ಸರಿ, ದಿನಾ ಬೆಳಿಗ್ಗೆ ಅದನ್ನು ಹಿಡಿಯುವ ಕೆಲಸ ನನಗೆ ಕೊಡು' ಅಂತ ಕೇಳಿದೆ."

ಗಂಟೆಯ ಹಗ್ಗದ ಹತ್ತಿರ ಯಾವುದೋ ಮಗು ಬುಟ್ಟಿಯಲ್ಲಿ ಉಳಿದ ಹೂವನ್ನು ನೆಲಕ್ಕೆ ಸುರಿಯುತ್ತಿತ್ತು. ಒಲಿಂಡಾ ಅದನ್ನೇ ನೋಡಿದಳು. ಅವನ ಕಡೆ ತಿರುಗದೆಯೇ ಹೇಳಿದಳು.

"ಬೆಳಿಗ್ಗೆ ನನ್ನಿಂದ ಕೂದಲು ಬಾಚಲಿಕ್ಕೆ ಆಗುದಿಲ್ಲ."

"ನನಗೆ ಜಡೆ ಹಾಕಲಿಕ್ಕೆ ಬರುದಿಲ್ಲ. ಕಲೀತೇನೆ."

"ಅಡುಗೆ ಮಾಡಲಿಕ್ಕೆ ಆಗುದಿಲ್ಲ. ಕೆಲವು ದಿನ ನೀರಿನ ಲೋಟ ಎತ್ತಲಿಕ್ಕೂ..."

"ಗೊತ್ತುಂಟು."

"ನಿಮ್ಮ ಅಮ್ಮ?"

ಜೆರೋಮ್ ನಿಟ್ಟುಸಿರಿಟ್ಟ. "ಹೇಳಿದೆ. ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ, 'ಮೀನು ಯಾರು ಕೊಯ್ಯುವುದು?' ಅಂತ ಕೇಳಿದರು. ನಾನು ಅಂದೆ. ಮತ್ತೆ ಎರಡು ದಿನ ಮಾತಿಲ್ಲ."

"ಒಪ್ಪಲಿಲ್ಲ."

"ಒಪ್ಪಲಿಲ್ಲ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ."

ಅವನು ಯಾವುದನ್ನೂ ಸಿಹಿ ಮಾಡಿ ಹೇಳುತ್ತಿರಲಿಲ್ಲ. ಯಾವುದನ್ನೂ! ಒಲಿಂಡಾಗೆ ಅಳುವಿನ ನಡುವೆಯೇ ಸಿಟ್ಟು ಬಂತು.

"ಒಂದೇ ಒಂದು ಸಲ ಸುಳ್ಳು ಹೇಳಲಿಕ್ಕೆ ಆಗುದಿಲ್ವಾ ನಿಮ್ಮಿಂದ?"

ಅವನು ನಿಜವಾಗಿಯೂ ಯೋಚಿಸಿದ. ಮೇಜಿನ ಮೇಲಿನ ಕೈಯನ್ನು ನೋಡಿದ.

"ನೀವು ಮಾಡಿ ಕೊಟ್ಟ ಕೈ ಚೆನ್ನಾಗಿರಲಿಲ್ಲ" ಎಂದ.

ಅವಳಿಗೆ ನಗು ಬಂತು. ಕಣ್ಣೀರಿನ ಜೊತೆಗೇ ಬಂತು. ಅಂಗೈಗಳ ನಡುವೆ ಒತ್ತಿ ಹಿಡಿದಿದ್ದ ತೆನೆ ಜಾರಿ ಕೆಳಗೆ ಬಿತ್ತು. ಜೆರೋಮ್ ಬಗ್ಗಿ ಎತ್ತಿದ. ತನ್ನ ಮನೆಯ ತೆನೆಯೊಡನೆ ಅದನ್ನೂ ಕಿಸೆಗೆ ಸಿಕ್ಕಿಸಿಕೊಂಡ. ಆಮೇಲೆ ಪಟ್ಟಿ ಕಟ್ಟಿದ ಕೈಯನ್ನು ಮುಂದೆ ಚಾಚಿದ.

ಅವಳು ಅತ್ತಿತ್ತ ನೋಡಲಿಲ್ಲ. ಬಲಗೈಯನ್ನು ಅವನ ಅಂಗೈಯ ಮೇಲೆ ಇಟ್ಟಳು.

ಬೆರಳುಗಳನ್ನು ಒತ್ತದೆ, ಗೆಣ್ಣಿಗೆ ತಾಗದೆ, ಮಣಿಕಟ್ಟಿನ ಕೆಳಗಿನಿಂದ ಅವನು ಮೆಲ್ಲಗೆ ಹಿಡಿದ. ಆದರೂ ನೋವು ಬಂತು. ಬಂದೇ ಬರುತ್ತದೆ. ನಾಳೆಯೂ ಬರುತ್ತದೆ, ಮುಂದಿನ ಮೊಂತಿ ಫೆಸ್ತಿಗೂ ಬರುತ್ತದೆ... ಇಬ್ಬರಿಗೂ ಅದು ಗೊತ್ತಿತ್ತು.

"ನೋವುಂಟಾ?"

"ಉಂಟು."

"ಬಿಡಲಾ?"

"ಬೇಡ."